ಸೂರಂಚಿನ ತಗಡು: ಮೊದಲ ಸಲ ಮರದ ಮನೆ ಕೊಂಡವರಿಗೆ

ಅಮೆರಿಕದಲ್ಲಿ ಮೊದಲ ಸ್ವಂತ ಮನೆ ಕೊಳ್ಳುವ ನಮ್ಮವರು ಕೋಣೆಗಳನ್ನು ಎಣಿಸುತ್ತಾರೆ, ಅಡುಗೆಮನೆಯ ಅಗಲವನ್ನು ಅಳೆಯುತ್ತಾರೆ, ಶಾಲೆ ಎಷ್ಟು ದೂರವೆಂದು ವಿಚಾರಿಸುತ್ತಾರೆ. ಹೊರಗೆ ನಿಂತು, ತಲೆಯೆತ್ತಿ, ಸೂರಿನ ಅಂಚಿನಲ್ಲಿ ತಗಡು ಇದೆಯೋ ಇಲ್ಲವೋ ಎಂದು ನೋಡಿದವರನ್ನು ನಾನು ಈವರೆಗೆ ಕಂಡಿಲ್ಲ. ನಾನೂ ನೋಡಿರಲಿಲ್ಲ. ಮನೆ ಕೊಂಡ ಎರಡನೆಯ ವರ್ಷ, ಸೂರಿನಿಂದ ಬೀಳುವ ನೀರನ್ನು ಹಿಡಿಯುವ ಗಟರಿನ ಹಿಂದಿನ ಹಲಗೆಯ ಬಣ್ಣ ಗುಳ್ಳೆಯೆದ್ದಿತು. ಬಣ್ಣವೇ ಕಳಪೆಯೆಂದು ಬೈದು, ಕೆರೆದು, ಮತ್ತೊಮ್ಮೆ ಹಚ್ಚಿದೆ. ನಾಲ್ಕನೆಯ ವರ್ಷ ಅದೇ ಜಾಗದಲ್ಲಿ ಅದೇ ಗುಳ್ಳೆ. ಮತ್ತೆ ಅದೇ ಬೈಗುಳ, ಅದೇ ಬಣ್ಣ. ಆರನೆಯ ವರ್ಷ ಕೆರೆಯಲೆಂದು ಒತ್ತಿದ ಉಳಿ ಹಲಗೆಯೊಳಕ್ಕೆ ಬೆಣ್ಣೆಗೆ ಇಳಿದಂತೆ ಹಿಡಿಯವರೆಗೆ ಇಳಿಯಿತು. ಹೊರಗೆಳೆದಾಗ ಅದರ ತುದಿಗೆ ಅಂಟಿಕೊಂಡು ಬಂದದ್ದು ಮರವಲ್ಲ, ಒದ್ದೆಯಾದ ಕಂದು ಹುಡಿ. ಅದೇ ವಾರ ಒಳಗೆ ಮಗಳ ಕೋಣೆಯ ಮೇಲ್ಮೂಲೆಯಲ್ಲಿ ಚಹಾ ಚೆಲ್ಲಿದಂಥ ಕಲೆಯೊಂದನ್ನು ಹೆಂಡತಿ ತೋರಿಸಿದಳು. ಆರು ವರ್ಷಗಳಿಂದ ನಾನು ಬಣ್ಣ ಹಚ್ಚುತ್ತಿದ್ದದ್ದು ಕೊಳೆಯುತ್ತಿದ್ದ ಮರಕ್ಕೆ.

ಮೂಲದ ದೋಷ ಹೀಗಿತ್ತು: ಮಾಡಿನ ಅಂಚಿನಲ್ಲಿ ಇರಬೇಕಾಗಿದ್ದ, ಇಲ್ಲಿನವರು ಡ್ರಿಪ್ ಎಡ್ಜ್ ಎಂದು ಕರೆಯುವ ತಗಡಿನ ಪಟ್ಟಿ ನಮ್ಮ ಮನೆಗೆ ಇರಲೇ ಇಲ್ಲ. ಇಂಥದ್ದೊಂದು ವಸ್ತು ಉಂಟೆಂಬುದೇ ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ, ಏಕೆಂದರೆ ಅದರ ತತ್ತ್ವವನ್ನು ನಾನು ಚಿಕ್ಕಂದಿನಿಂದಲೂ ನೋಡುತ್ತಲೇ ಬೆಳೆದಿದ್ದೆ. ತಾರಸಿ ಮನೆಯ ಸಜ್ಜಾ ಚಪ್ಪಡಿಯ ಕೆಳಮೈಯಲ್ಲಿ, ಅಂಚಿನಿಂದ ಸ್ವಲ್ಪ ಒಳಗೆ, ಮೇಸ್ತ್ರಿ ಉದ್ದಕ್ಕೂ ಒಂದು ಸಣ್ಣ ತೋಡು ಬಿಟ್ಟಿರುತ್ತಾನೆ. ನೀರು ಅಂಚಿನಿಂದ ನೇರವಾಗಿ ಕೆಳಗೆ ಬೀಳುತ್ತದೆ ಎಂದು ನಾವು ಭಾವಿಸಿದರೂ ಅದರ ಸ್ವಭಾವ ಹಾಗಿಲ್ಲ. ಅದು ಮೈಗೆ ಅಂಟಿಕೊಂಡು, ಅಂಚನ್ನು ಸುತ್ತಿ, ಕೆಳಮೈಯ ಮೇಲೆ ಹಿಂದಕ್ಕೆ ತೆವಳಿ ಗೋಡೆಯನ್ನು ಹುಡುಕಿಕೊಂಡು ಹೋಗುತ್ತದೆ. ಆ ತೋಡು ಬಂದೊಡನೆ ಮುಂದೆ ತೆವಳಲಾಗದೆ ಹನಿಯಾಗಿ ಬೀಳುತ್ತದೆ. ಡ್ರಿಪ್ ಎಡ್ಜ್ ಮಾಡುವುದೂ ಇದನ್ನೇ. ತಗಡಿನ ಕೆಳತುದಿಯನ್ನು ಹೊರಕ್ಕೆ ಬಾಗಿಸಿರುವುದು ಅಂದಕ್ಕಲ್ಲ, ಹನಿಯನ್ನು ಹಲಗೆಯಿಂದ ದೂರಕ್ಕೆ ಕೊಂಡೊಯ್ದು ಬೀಳಿಸುವುದಕ್ಕೆ.

ನಮ್ಮೂರಿನ ಕಲ್ಲು, ಇಟ್ಟಿಗೆಯ ಮನೆಗಳಿಗೂ ಇಲ್ಲಿನ ಮರದ ಮನೆಗಳಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ಮನಸ್ಸಿಗೆ ತಂದುಕೊಳ್ಳಬೇಕು. ಅಲ್ಲಿ ಗೋಡೆ ನೆನೆದರೆ ಪಾಚಿ ಕಟ್ಟುತ್ತದೆ, ಬೇಸಿಗೆಯಲ್ಲಿ ಒಣಗುತ್ತದೆ, ನಾವು ಸುಣ್ಣ ಬಳಿದು ಮರೆಯುತ್ತೇವೆ. ಇಲ್ಲಿ ಮಾಡಿಗೆ ಹಂಚಿನಂತೆ ಸಾಲಾಗಿ ಹೊದಿಸುವ ಶಿಂಗಲ್‌ಗಳ ಕೆಳಗಿರುವುದು ಪ್ಲೈವುಡ್ ಅಥವಾ ಮರದ ಚಕ್ಕೆಗಳನ್ನು ಒತ್ತಿ ಮಾಡಿದ ಓಎಸ್‌ಬಿ ಹಲಗೆ. ಅದರ ಕತ್ತರಿಸಿದ ಅಂಚು ನೀರನ್ನು ಬತ್ತಿಯಂತೆ ಹೀರಿ ಉಬ್ಬುತ್ತದೆ. ಒಮ್ಮೆ ಉಬ್ಬಿದ ಓಎಸ್‌ಬಿ ಒಣಗಿದ ಮೇಲೂ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ. ತಗಡಿಲ್ಲದ ಸೂರಿನಲ್ಲಿ ಪ್ರತಿ ಮಳೆಗೂ ಆ ಅಂಚು ಸ್ವಲ್ಪ ಕುಡಿಯುತ್ತದೆ. ಹಾನಿ ಸದ್ದಿಲ್ಲದೆ ಆಗುವುದರಿಂದ ವರ್ಷಗಟ್ಟಲೆ ಯಾರಿಗೂ ತಿಳಿಯುವುದಿಲ್ಲ.

ಇಲ್ಲಿನ ಬಹುತೇಕ ರಾಜ್ಯಗಳು ತಮ್ಮ ತಮ್ಮ ತಿದ್ದುಪಡಿಗಳೊಂದಿಗೆ ಒಪ್ಪಿಕೊಂಡಿರುವ ಇಂಟರ್‌ನ್ಯಾಷನಲ್ ರೆಸಿಡೆನ್ಷಿಯಲ್ ಕೋಡ್ ಎಂಬ ಮನೆ ಕಟ್ಟುವ ನಿಯಮಾವಳಿ, ತನ್ನ 2012ರ ಆವೃತ್ತಿಯಿಂದ, ಆಸ್ಫಾಲ್ಟ್ ಶಿಂಗಲ್ ಹೊದಿಸಿದ ಮಾಡಿನ ಸೂರಿಗೂ ಪಕ್ಕದ ಇಳಿಜಾರಂಚಿಗೂ ಈ ತಗಡನ್ನು ಕಡ್ಡಾಯ ಮಾಡಿದೆ. ಆದ್ದರಿಂದ ಅದಕ್ಕಿಂತ ಹಳೆಯ ಮಾಡು ಇರುವ ಮನೆ ಕೊಳ್ಳುವವರು ತಗಡು ಇದ್ದೇ ಇರುತ್ತದೆ ಎಂದು ನಂಬಬಾರದು. ಆ ಕೋಡ್ ಹೇಳುವ ಅಳತೆಗಳು ನೆನಪಿಡಲು ಸುಲಭ: ತಗಡು ಮಾಡಿನ ಹಲಗೆಯ ಮೇಲೆ ಕನಿಷ್ಠ 2 ಅಂಗುಲ ಹಿಂದಕ್ಕೆ ಚಾಚಿರಬೇಕು, ಹಲಗೆಯ ಕೆಳಗೆ ಕನಿಷ್ಠ ಕಾಲು ಅಂಗುಲ ಇಳಿದಿರಬೇಕು, ಒಂದು ತುಂಡು ಇನ್ನೊಂದರ ಮೇಲೆ ಕನಿಷ್ಠ 2 ಅಂಗುಲ ಕೂರಬೇಕು, ಮೊಳೆಗಳ ನಡುವಿನ ಅಂತರ 12 ಅಂಗುಲ ಮೀರಬಾರದು. ಇವು ಕನಿಷ್ಠ ಅಳತೆಗಳು. ಗಾಳಿ ಜೋರಾಗಿ ಬೀಸುವ ಕಡೆ ಸ್ಥಳೀಯ ನಿಯಮ ಮೊಳೆಗಳನ್ನು ಇನ್ನೂ ಹತ್ತಿರ ಕೇಳುವುದುಂಟು. ಪರವಾನಗಿ, ವಿಮೆ, ಬಡಾವಣೆಯ ಸಂಘದ ಒಪ್ಪಿಗೆ ಇವುಗಳನ್ನು ಮೊದಲೇ ಕೇಳಿ ಮುಗಿಸಿಕೊಳ್ಳಿ. ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

ಹೇಳುವಂಥದ್ದು ಇರುವುದು ಯಾವುದರ ಮೇಲೆ ಯಾವುದು ಎಂಬ ಕ್ರಮದಲ್ಲಿ, ಮತ್ತು ಆ ಕ್ರಮವನ್ನು ನಾನು ಹೇಗೆ ತಲೆಕೆಳಗು ಮಾಡಿದೆ ಎಂಬುದರಲ್ಲಿ. ಮನೆಯ ಮಾಡನ್ನು ಕಸುಬುದಾರರಿಗೆ ವಹಿಸಿದ ಮೇಲೆ, ಗ್ಯಾರೇಜಿನ ಚಿಕ್ಕ ಮಾಡನ್ನಾದರೂ ನಾನೇ ಮಾಡುತ್ತೇನೆ ಎಂಬ ಹುಮ್ಮಸ್ಸು ಬಂತು. ಗೆಳೆಯನೊಬ್ಬ ಏಣಿ ಹಿಡಿದ. ನಾನು ಮೊದಲು ಇಡೀ ಹಲಗೆಗೆ ಅಂಡರ್‌ಲೇಮೆಂಟ್ ಎಂಬ ನೀರು ತಡೆಯುವ ಹಾಳೆಯನ್ನು ಸುಕ್ಕಿಲ್ಲದಂತೆ ಹಾಸಿದೆ, ಆಮೇಲೆ ಸುತ್ತಲೂ ಅದರ ಮೇಲೆ ತಗಡು ಹೊಡೆದೆ. ಚಿತ್ರಕ್ಕೆ ಕಟ್ಟು ಹಾಕಿದ ಹಾಗೆ ಕಾಣುತ್ತಿತ್ತು. ಫೋಟೋ ತೆಗೆದು ಊರಿಗೂ ಕಳಿಸಿದೆ. ಪಕ್ಕದ ಇಳಿಜಾರಂಚಿನಲ್ಲಿ, ಇಲ್ಲಿನವರು ರೇಕ್ ಎನ್ನುವ ಕಡೆ, ಅದು ಸರಿಯೇ ಆಗಿತ್ತು, ಆದರೆ ಅದು ಆಕಸ್ಮಿಕ. ಅಲ್ಲಿ ಹಾಳೆ ಕೆಳಗೆ, ತಗಡು ಮೇಲೆ ಇರಬೇಕು. ಹಾಗಿದ್ದರೆ ಪಕ್ಕದಿಂದ ಹೊಡೆಯುವ ಗಾಳಿಮಳೆ ಹಾಳೆಯ ಅಡಿಗೆ ನುಗ್ಗಲಾರದು, ಗಾಳಿಗೆ ಹಾಳೆಯ ಅಂಚು ಏಳುವುದೂ ಇಲ್ಲ. ನೀರು ಇಳಿದು ಬರುವ ಸೂರಿನಲ್ಲಿ ಮಾತ್ರ ಇದು ತಿರುವುಮುರುವು: ತಗಡು ಮೊದಲು, ಹಾಳೆ ಅದರ ಮೇಲೆ. ಶಿಂಗಲ್ ಕೆಳಗೆ ಹೇಗೋ ನುಸುಳಿದ ನೀರು ಹಾಳೆಯ ಮೇಲೆ ಜಾರುತ್ತಾ ಬಂದು ತಗಡಿನ ಮೇಲಕ್ಕೆ ಇಳಿದು ಹೊರಗೆ ಬೀಳಬೇಕು. ನನ್ನ ಸೂರಿನಲ್ಲಿ ಅದು ಹಾಳೆಯ ಮೇಲೆ ಜಾರುತ್ತಾ ಬಂದು ತಗಡಿನ ಹಿಂದಂಚಿಗೆ ತಾಗಿ, ಅದರ ಅಡಿಗೆ ಹೊಕ್ಕು, ನಾನೇ ಹೊಡೆದ ಮೊಳೆಗಳ ತೂತಿನಿಂದ ಹಲಗೆಗೆ ಇಳಿಯಿತು. ನೀರನ್ನು ಹೊರಗೆ ಹಾಕಲೆಂದು ತಂದ ತಗಡು ಅದನ್ನು ಒಳಗೆ ಕರೆಯಿತು.

ಎರಡನೆಯ ತಪ್ಪು ಇದಕ್ಕಿಂತಲೂ ಪೆದ್ದತನದ್ದು. ತಗಡು ಸಾಮಾನ್ಯವಾಗಿ 10 ಅಡಿ ಉದ್ದದ ತುಂಡುಗಳಲ್ಲಿ ಸಿಗುತ್ತದೆ. ಏಣಿ ಮಾಡಿನ ನೆತ್ತಿಯ ಹತ್ತಿರ ಇತ್ತೆಂಬ ಒಂದೇ ಕಾರಣಕ್ಕೆ ಇಳಿಜಾರಂಚಿನಲ್ಲಿ ಮೇಲಿನ ತುಂಡನ್ನು ಮೊದಲು ಹೊಡೆದು ಕೆಳಗಿಳಿಯುತ್ತಾ ಬಂದೆ. ಪ್ರತಿ ಕೆಳತುಂಡೂ ಮೇಲಿನದರ ಮೇಲೆ ಕೂತಿತು. ಅಂದರೆ ಪ್ರತಿ ಜೋಡಣೆಯೂ ಬರುವ ನೀರಿಗೆ ಬಾಯಿ ತೆರೆದುಕೊಂಡು ನಿಂತಿತು. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವಾಗ ಅಜ್ಜನ ಜೊತೆ ಮಾಡಿಗೆ ಹತ್ತಿ, ಸೂರಿನಿಂದ ಶುರುಮಾಡಿ ಮೇಲಕ್ಕೆ ಸಾಲು ಸಾಲಾಗಿ ಹಂಚು ಕೂರಿಸಿ ಬೆಳೆದವನು ನಾನು. ಕೆಳಗಿನ ಸಾಲು ಮುಗಿಯದೆ ಮೇಲಿನದನ್ನು ಕೂರಿಸುವುದುಂಟೇ ಎಂದು ಹತ್ತು ವರ್ಷದ ಹುಡುಗನಾಗಿದ್ದಾಗ ಕೇಳಿದ್ದರೆ ನಕ್ಕುಬಿಡುತ್ತಿದ್ದೆ. ನಲವತ್ತರಲ್ಲಿ, ಕೈಯಲ್ಲಿ ಹೊಚ್ಚಹೊಸ ಕತ್ತರಿ ಹಿಡಿದು, ಅದನ್ನೇ ಮಾಡಿದೆ. ದೇಶ ಬದಲಾಯಿತೆಂದು ನೀರಿನ ನಡೆ ಬದಲಾಗುವುದಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಊರಿನಲ್ಲಿ ಕಲಿತದ್ದಕ್ಕೆ ಇಲ್ಲಿ ಬೆಲೆಯಿಲ್ಲ ಎಂಬ ಭಾವನೆ ಬೇರೆ ಬೇರೆ ವಿಷಯಗಳಲ್ಲಿ ಎಷ್ಟು ಗಟ್ಟಿಯಾಗಿತ್ತೆಂದರೆ, ಕೈಗೆ ಗೊತ್ತಿದ್ದದ್ದನ್ನೂ ಅದು ಮರೆಸಿತ್ತು.

ಕ್ರಮ ಹೀಗಿರಲಿ: ಮೊದಲು ಸೂರಿನ ತಗಡು, ಅದರ ಮೇಲೆ ಹಾಳೆ, ಆಮೇಲೆ ಇಳಿಜಾರಂಚಿನ ತಗಡನ್ನು ಕೆಳಮೂಲೆಯಿಂದ ಮೇಲಕ್ಕೆ. ಮೂಲೆಯಲ್ಲಿ ಇಳಿಜಾರಂಚಿನ ತಗಡು ಸೂರಿನ ತಗಡಿನ ಮೇಲೆ ಬರಬೇಕು. ಅಲ್ಲಿ ಮಡಿಕೆಯನ್ನು ಸ್ವಲ್ಪ ಕತ್ತರಿಸಿ, ಒಂದು ನಾಲಿಗೆ ಉಳಿಸಿ, ಅದನ್ನು ಮೂಲೆಗೆ ಸುತ್ತಿ ಮಡಚುವುದು ನಿಧಾನದ ಕೆಲಸ. ಮೊದಲ ಪ್ರಯತ್ನವನ್ನು ಚೂರುಪಾರು ತುಂಡಿನಲ್ಲಿ ಮಾಡಿ ನೋಡಿ. ಮೊಳೆಯನ್ನು ಹಲಗೆಯ ಮೇಲೆ ಕೂರುವ ಪಟ್ಟಿಗೆ, ಅಂದರೆ ಶಿಂಗಲ್ ಮುಚ್ಚುವ ಭಾಗಕ್ಕೆ ಮಾತ್ರ ಹೊಡೆಯಬೇಕು, ಎದುರಿಗೆ ಕಾಣುವ ಮುಖಕ್ಕೆ ಎಂದೂ ಹೊಡೆಯಬಾರದು. ತಗಡನ್ನು ಹಣೆಹಲಗೆಗೆ, ಅಂದರೆ ಸೂರಿನ ಎದುರಿಗೆ ನಿಲ್ಲುವ ಹಲಗೆಗೆ, ಒತ್ತಿ ಬಿಗಿಯುವ ಆಸೆಯೂ ಬೇಡ. ನಡುವೆ ಬೆರಳು ತೂರುವಷ್ಟು ಸಂದು ಇದ್ದರೆ ನೀರು ಸಂದಿಗೆ ಏರಿ ನಿಲ್ಲುವುದಿಲ್ಲ. ನಮ್ಮವರ ಕೈ ಇಂಥ ಸಂದು ಕಂಡೊಡನೆ ಸೀಲಂಟ್ ಕೊಳವೆಯತ್ತ ಹೋಗುತ್ತದೆ, ನನ್ನದೂ ಹೋಗಿತ್ತು. ಮೆತ್ತಿದ ಸೀಲಂಟ್ ಹೊರಗಿನ ನೀರನ್ನು ತಡೆಯುವುದಕ್ಕಿಂತ ಒಳಗಿನದನ್ನು ಹೊರಗೆ ಹೋಗದಂತೆ ತಡೆಯುವುದೇ ಹೆಚ್ಚು. ಶಿಂಗಲ್ ಅಂಚು ತಗಡಿಗಿಂತ ಕಾಲು ಅಂಗುಲದಿಂದ ಮುಕ್ಕಾಲು ಅಂಗುಲದಷ್ಟು ಮುಂದೆ ಚಾಚಿರಲಿ. ಅದಕ್ಕಿಂತ ಉದ್ದವಾದರೆ ಬಿಸಿಲಿಗೆ ಬಾಗಿ ಗಾಳಿಗೆ ಮುರಿಯುತ್ತದೆ.

ಲೋಹದ ಬಗ್ಗೆಯೂ ಒಂದು ಮಾತು ಹೇಳಬೇಕು, ಇದಕ್ಕೂ ನಾನು ದಂಡ ತೆತ್ತಿದ್ದೇನೆ. ಕೊಳೆತ ಹಣೆಹಲಗೆಯ ಜಾಗಕ್ಕೆ, ಇನ್ನೆಂದೂ ಕೊಳೆಯದಿರಲೆಂದು, ರಾಸಾಯನಿಕ ಉಣಿಸಿದ ಮರ ತಂದು ಹಾಕಿ, ಅದಕ್ಕೆ ತಾಗುವಂತೆ ಬರೀ ಅಲ್ಯೂಮಿನಿಯಂ ತಗಡು ಕೂರಿಸಿದೆ. ಆ ಮರಕ್ಕೆ ಉಣಿಸುವುದರಲ್ಲಿ ತಾಮ್ರ ಇರುತ್ತದೆ; ತೇವ ಸೇರಿದಾಗ ತಾಮ್ರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಕೆಲವು ವರ್ಷಗಳಲ್ಲಿ ತಗಡಿನ ಹಿಂಬದಿಯಲ್ಲಿ ಬಿಳಿ ಪುಡಿಯೆದ್ದು, ಅದರ ಕೆಳಗೆ ಸೂಜಿಮೊನೆಯಂಥ ತೂತುಗಳಾಗಿದ್ದವು. ಸತು ಲೇಪಿಸಿದ ಉಕ್ಕಿನ ತಗಡಿಗೆ ಸತು ಲೇಪಿಸಿದ ಮೊಳೆ, ತಾಮ್ರದ ತಗಡಿಗೆ ತಾಮ್ರದ ಮೊಳೆ, ತಾಮ್ರ ಮತ್ತು ಅಲ್ಯೂಮಿನಿಯಂ ಎಂದೂ ಒಟ್ಟಿಗಲ್ಲ.

ಶಿಂಗಲ್ ಹೊದಿಕೆ ಈಗಾಗಲೇ ಇರುವ ಮನೆಗೆ ತಗಡು ಸೇರಿಸಲು ಸಾಧ್ಯವೇ ಎಂದು ಬಹಳ ಜನ ಕೇಳುತ್ತಾರೆ. ಸಾಧ್ಯ, ಆದರೆ ಕಷ್ಟ: ಮೊದಲ ಸಾಲಿನ ಅಂಟನ್ನು ತಂಪು ಹೊತ್ತಿನಲ್ಲಿ ಚಪ್ಪಟೆ ಸಲಾಕೆಯಿಂದ ಮೆಲ್ಲಗೆ ಬಿಡಿಸಿ, ಅಡ್ಡ ಬರುವ ಮೊಳೆಗಳನ್ನು ಕಿತ್ತು, ತಗಡನ್ನು ಹಾಳೆಯ ಅಡಿಗೆ ಜಾರಿಸಬೇಕು. ಹಳೆಯ ಶಿಂಗಲ್ ಎತ್ತುವಾಗಲೇ ಮುರಿಯುತ್ತದೆ. ಹಾಳೆ ಹಲಗೆಗೆ ಅಂಟಿಕೊಳ್ಳುವ ಜಾತಿಯದಾದರೆ ಅಡಿಗೆ ಜಾರಿಸುವ ಮಾತೇ ಇಲ್ಲ. ಮಾಡಿಗೆ ಹೊಸ ಹೊದಿಕೆ ಹಾಕಿಸುವ ಕಾಲ ಹತ್ತಿರವಿದ್ದರೆ ಅದಕ್ಕಾಗಿ ಕಾಯುವುದೇ ಜಾಣತನ. ಆಗ ಕಾಂಟ್ರಾಕ್ಟರ್ ಕೊಡುವ ಅಂದಾಜುಪಟ್ಟಿಯಲ್ಲಿ ಸೂರು ಮತ್ತು ಇಳಿಜಾರಂಚು ಎರಡಕ್ಕೂ ಹೊಸ ಡ್ರಿಪ್ ಎಡ್ಜ್ ಎಂದು ಬರೆದಿದೆಯೇ ನೋಡಿ. ನನ್ನ ಮೊದಲ ಅಂದಾಜುಪಟ್ಟಿಯಲ್ಲಿ ಅದು ಇರಲಿಲ್ಲ. ಅವರು ಹೇಗೂ ಮಾಡುತ್ತಾರೆ, ಕೇಳಿದರೆ ಬೇಸರಪಟ್ಟಾರು ಎಂಬ ನಮ್ಮ ಹುಟ್ಟುಸಂಕೋಚದಲ್ಲಿ ಕೇಳದೆ ಸಹಿ ಹಾಕುವವನಿದ್ದೆ. ಅಂಡರ್‌ಲೇಮೆಂಟ್ ಹಾಸುವ ದಿನ ಮನೆಯಲ್ಲೇ ಇದ್ದು ಸೂರಿನ ಕ್ರಮವನ್ನು ಕಣ್ಣಾರೆ ನೋಡಿ. ಶಿಂಗಲ್ ಬಿದ್ದ ಮೇಲೆ ಯಾವುದೂ ಕಾಣುವುದಿಲ್ಲ.

ಹಿಮ ಬೀಳುವ ಕಡೆಯವರು ತಗಡೊಂದನ್ನೇ ನಂಬಬಾರದು. ಮನೆಯ ಬಿಸಿ ಅಟ್ಟಕ್ಕೆ ಸೋರಿ ಮೇಲಿನ ಹಿಮ ಕರಗುತ್ತದೆ, ಆ ನೀರು ತಣ್ಣಗಿರುವ ಸೂರಿಗೆ ಬಂದು ಮತ್ತೆ ಹೆಪ್ಪುಗಟ್ಟಿ ಒಡ್ಡು ಕಟ್ಟುತ್ತದೆ, ಒಡ್ಡಿನ ಹಿಂದೆ ನಿಂತ ನೀರು ಮೇಲ್ಮುಖವಾಗಿ ಶಿಂಗಲ್ ಅಡಿಗೆ ಹೋಗುತ್ತದೆ. ಅಲ್ಲಿ ಸೂರಿನಿಂದ ಆರಂಭಿಸಿ ಹೊರಗೋಡೆಯ ರೇಖೆಗಿಂತ ಕನಿಷ್ಠ 24 ಅಂಗುಲ ಒಳಗಿನವರೆಗೆ ಮಂಜುತಡೆಯ ಹಾಳೆ ಬೇಕು. ಏಣಿಯ ವಿಷಯ ಎಲ್ಲರಿಗೂ ಗೊತ್ತಿದೆ, ಯಾರೂ ಪಾಲಿಸುವುದಿಲ್ಲ: ನಾಲ್ಕು ಅಡಿ ಎತ್ತರಕ್ಕೆ ಬುಡ ಗೋಡೆಯಿಂದ ಒಂದು ಅಡಿ ದೂರ, ತುದಿ ಸೂರಿನಿಂದ ಮೂರು ಅಡಿ ಮೇಲಕ್ಕೆ ಚಾಚಿರಬೇಕು. ಕೈಗವಸು ಇಲ್ಲದೆ ತಗಡು ಮುಟ್ಟಬೇಡಿ. ನನ್ನ ಎಡ ಅಂಗೈಯ ಗೆರೆಗಳ ನಡುವೆ ಒಂದು ಹೆಚ್ಚುವರಿ ಗೆರೆ ಇದೆ.

ಗ್ಯಾರೇಜಿನ ಸೂರನ್ನು ಕಿತ್ತು ಎರಡನೆಯ ಸಲ ಮಾಡುವಾಗ ಏಣಿಯ ಬುಡದಲ್ಲಿದ್ದವಳು ಮಗಳು. ಮೊಳೆ ಕೊಡುತ್ತಾ, ಇದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ ಎಂದು ಕೇಳಿದಳು. ಊರಿನ ಮಾಡಿಗೆ ಇಂಥ ತಗಡು ಇರಲಿಲ್ಲ, ಆದ್ದರಿಂದ ಹೆಸರೂ ಇರಲಿಲ್ಲ. ಸೂರಂಚಿನ ತಗಡು ಎಂದು ಅಲ್ಲೇ ಕಟ್ಟಿ ಹೇಳಿದೆ. ಸೂರು ಅಂದರೇನು ಎಂದು ಕೇಳಿದಳು. ಹಂಚಿನ ತುದಿಯಿಂದ ನೀರು ಧಾರೆಧಾರೆಯಾಗಿ ಅಂಗಳಕ್ಕೆ ಬೀಳುವುದನ್ನು, ಅದರ ಕೆಳಗೆ ನೆಲದಲ್ಲಿ ಸಾಲಾಗಿ ಗುಳಿಗಳಾಗುವುದನ್ನು, ರಾತ್ರಿಯಿಡೀ ಅದರ ಸದ್ದಿನಲ್ಲಿ ನಿದ್ದೆ ಹತ್ತುವುದನ್ನು ವಿವರಿಸಿದೆ. ಅವಳ ಕೋಣೆಯ ಹೊರಗೆ ಮಳೆ ಬಂದರೆ ಕೇಳುವುದು ಕೊಳವೆಯೊಳಗಿನ ಗುಳುಗುಳು ಮಾತ್ರ, ಏಕೆಂದರೆ ನಾನು ತಗಡಿನಿಂದ ಗಟರಿಗೆ, ಗಟರಿನಿಂದ ಕೊಳವೆಗೆ, ಒಂದು ಹನಿಯೂ ದಾರಿ ತಪ್ಪದಂತೆ ಹೊಂದಿಸಿದ್ದೇನೆ. ಗ್ಯಾರೇಜಿಗೆ ಮಾತ್ರ ಗಟರ್ ಇರಲಿಲ್ಲ. ತಗಡು ಹೊಡೆದ ನಂತರದ ಮೊದಲ ಮಳೆಯಲ್ಲಿ, ಹಣೆಹಲಗೆ ಒದ್ದೆಯಾಗುತ್ತದೆಯೋ ಎಂದು ಟಾರ್ಚ್ ಹಿಡಿದು ನೋಡಲು ಹೋದಾಗ ಅವಳೂ ಬಂದಳು. ಹಲಗೆ ಒಣಗಿಯೇ ಇತ್ತು. ತಗಡಿನ ಬಾಗಿದ ತುದಿಯಿಂದ ಹನಿಗಳು ನೇರ ಸಾಲಿನಲ್ಲಿ ಬೀಳುತ್ತಿದ್ದವು, ಅವಳು ಕೈ ಚಾಚಿ ನಿಂತಿದ್ದಳು. ಅಲ್ಲಿಗೂ ಗಟರ್ ಹಾಕಿಸಬೇಕು, ಇಲ್ಲದಿದ್ದರೆ ಅಡಿಪಾಯದ ಪಕ್ಕದ ಮಣ್ಣು ಕೊಚ್ಚಿಹೋಗುತ್ತದೆ. ಇನ್ನೂ ಹಾಕಿಸಿಲ್ಲ.