ಪಾಯ್ ದುಕ್ತಾ

ನಾನು ಶಿರಸಿಯವಳು. ಕಾರವಾರದಲ್ಲಿ ಹುಡುಗಿಯರಿಗೆ ಕಬಡ್ಡಿ ಕಲಿಸತೊಡಗಿದ ಎರಡನೆಯ ವರ್ಷ, ಎಡ ಕಾರ್ನರ್‌ನಲ್ಲಿ ಆಡುವವಳು ಪಂದ್ಯದ ನಡುವೆ ನಮ್ಮ ಅಂಕಣಕ್ಕೆ ನುಗ್ಗಿದ ಎದುರಾಳಿ ರೈಡರ್‌ನ ಕಾಲು ಹಿಡಿಯಲು ಹೋಗಿ ಕುಸಿದಳು. ನೋಡಿದರೆ ಪಾದದ ಗಂಟು ಆಗಲೇ ಹಳದಿಗಟ್ಟಿತ್ತು. ಉಳುಕಿ ವಾರವೇ ಕಳೆದಿತ್ತು. ತಂಡದಲ್ಲಿ ಎಲ್ಲರಿಗೂ ಗೊತ್ತಿತ್ತು, ನನ್ನೊಬ್ಬಳನ್ನು ಬಿಟ್ಟು.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಅದಕ್ಕೂ ಮೊದಲು ಮೊಣಕಾಲು ನೋವು ಎಂದ ಹುಡುಗಿಗೆ ನಾನು ‘ಸರಿ, ಕುಳಿತುಕೋ’ ಎಂದಿದ್ದೆ. ಬೈದಿರಲಿಲ್ಲ. ಆದರೆ ಅವಳ ಜಾಗವನ್ನು ಬೇರೊಬ್ಬಳಿಗೆ ಕೊಟ್ಟವಳು ಮರಳಿ ಕೊಡಲೇ ಇಲ್ಲ. ಉಳಿದವರು ಅದನ್ನು ನೋಡಿ ಕಲಿತಿದ್ದರು.

ಕಬಡ್ಡಿಯಲ್ಲಿ ಇದು ಒಬ್ಬಳ ಕಾಲಿನ ಪ್ರಶ್ನೆಯಲ್ಲ. ಕಾರ್ನರ್‌ನವಳ ಕೈ ಹಿಡಿದು ಪಕ್ಕದವಳು ನಿಂತಿರುತ್ತಾಳೆ. ಒಬ್ಬಳ ಕಾಲು ಜಾರಿದರೆ ಸರಪಳಿಯೇ ಕಳಚುತ್ತದೆ.

ಹುಡುಗಿಯರ ಮುಂದೆ ತಪ್ಪೊಪ್ಪಿಕೊಂಡೆ. ನೋವು ಹೇಳಿದವಳು 12 ಜನರ ಪಟ್ಟಿಯಿಂದ ಹೊರಬೀಳುವುದಿಲ್ಲ. ವಾಸಿಯಾದ ಮೇಲಿನ ಮೊದಲ ಪಂದ್ಯದಲ್ಲಿ ಅವಳ ಜಾಗ ಅವಳಿಗೇ ಎಂದು ಮಾತು ಕೊಟ್ಟೆ. ದಿನವೂ ಸಾಲಿನಲ್ಲಿ ನಿಲ್ಲಿಸಿ ‘ಯಾರಿಗಾದರೂ ನೋವಿದೆಯೇ?’ ಎಂದು ಕೇಳಿದೆ. ಎಲ್ಲರೂ ತಲೆಯಾಡಿಸಿ ಇಲ್ಲವೆನ್ನುತ್ತಿದ್ದರು. ತನ್ನ ಜಾಗಕ್ಕೆ ಕಾದಿರುವವಳು ಪಕ್ಕದಲ್ಲೇ ನಿಂತಿರುವಾಗ ಯಾರು ಬಾಯಿ ಬಿಡುತ್ತಾರೆ?

ಆಮೇಲೆ ಅಭ್ಯಾಸಕ್ಕೆ ಮೊದಲು ಟ್ಯಾಗೋರ್ ಕಡಲತೀರದ ಮರಳಿನಲ್ಲಿ ಒಬ್ಬೊಬ್ಬಳ ಜೊತೆ ಸ್ವಲ್ಪ ದೂರ ನಡೆಯತೊಡಗಿದೆ. ಮನೆಯಲ್ಲಿ ಅವರದು ಕೊಂಕಣಿ. ನಾನೂ ಅದರಲ್ಲೇ ಕೇಳಲು ಹೊರಟೆ. ತಪ್ಪಿದಲ್ಲೆಲ್ಲ ಅವರು ತಿದ್ದಿದರು. ‘ನೋವು’ ಎಂಬುದು ಮೇಡಂ ಕೇಳಿದ್ದಕ್ಕೆ ಕೊಡುವ ಉತ್ತರವಾಗಿತ್ತು. ‘ದುಕ್ತಾ’, ಅಂದರೆ ನೋಯುತ್ತಿದೆ, ಎಂಬುದು ಆಯಿಯ, ಅಮ್ಮನ ಬಳಿ ಹೇಳುವ ಮಾತು.

ಆದರೂ ಮಾತು ಉಳಿಸಿಕೊಳ್ಳುವ ದಿನ ಬರುವವರೆಗೆ ಯಾರೂ ಪೂರ್ತಿ ನಂಬಲಿಲ್ಲ. ಆ ದಿನವೂ ಬಂತು. ನಮ್ಮ ಮುಖ್ಯ ರೈಡರ್ ಪಂದ್ಯದ ಬೆಳಿಗ್ಗೆ ಭುಜ ನೋಯುತ್ತಿದೆ ಎಂದಳು. ಕೈ ತಲೆಯ ಮೇಲಕ್ಕೆ ಏಳುತ್ತಿರಲಿಲ್ಲ. ಅವಳನ್ನು ಕೂರಿಸಿದೆ, ಪಂದ್ಯ ಸೋತೆವು. ‘ಒಂದು ಪಂದ್ಯ ಸಹಿಸಿಕೊಳ್ಳಬಹುದಿತ್ತಲ್ಲ’ ಎಂದ ಹಿರಿಯರಿಗೆ, ಕೂರಿಸಿದವಳು ನಾನು, ಅವಳನ್ನು ಕೇಳಬೇಡಿ ಎಂದೆ. ಅವಳು ಸ್ವಲ್ಪ ದೂರದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಭುಜ ವಾಸಿಯಾದ ಮೇಲಿನ ಪಂದ್ಯದಲ್ಲಿ ಮೊದಲ ರೈಡಿಗೆ ಅವಳನ್ನೇ ಕಳಿಸಿದೆ.

ಕೆಲವು ದಿನಗಳ ನಂತರ ಎಡ ಕಾರ್ನರ್‌ನ ಹುಡುಗಿ ಎಲ್ಲರಿಗಿಂತ ಮೊದಲೇ ಮೈದಾನಕ್ಕೆ ಬಂದಿದ್ದಳು. ಮೀನು ಮಾರುವ ಆಯಿಯ ಬುಟ್ಟಿಯಿಂದ ಬರ್ಫದ ತುಂಡುಗಳನ್ನು ಟವೆಲ್‌ನಲ್ಲಿ ಕಟ್ಟಿಕೊಂಡು ತಂದಿದ್ದಳು. ‘ಮೇಡಂ, ಪಾಯ್ ದುಕ್ತಾ’ ಎಂದು ನನ್ನ ಪಕ್ಕ ಕುಳಿತು ಕಾಲು ಚಾಚಿದಳು. ಗಂಟಿಗೆ ಬರ್ಫ ಒತ್ತಿ ಹಿಡಿದು, ಹದಿನೈದು ನಿಮಿಷಕ್ಕೆ ಗಡಿಯಾರ ನೋಡಿಕೊಂಡೆ.