ಶ್ರೀಲಂಕಾದ ಕಾಡಿಗೆ ಹೊರಡೋ ಮುಂಚೆ ಮಳೆ ಲೆಕ್ಕ

ಶ್ರೀಲಂಕಾದ ಕಾಡು, ಬೆಟ್ಟ ಸುತ್ತಬೇಕು ಅಂತ ಕೂತಾಗ ನಾನು ಮೊದಲು ಬರೆದುಕೊಂಡಿದ್ದು ಮಳೆಯ ತಿಂಗಳುಗಳನ್ನು. ಊರುಗಳ ಹೆಸರು ಆಮೇಲೆ. ದ್ವೀಪ ಚಿಕ್ಕದು, ಆದರೆ ಮಳೆಗಾಲ ಎರಡು. ಮೇನಿಂದ ಸೆಪ್ಟೆಂಬರ್‌ವರೆಗೆ ಕೊಲಂಬೊ, ಗಾಲೆ ಕಡೆ ಮುಂಗಾರು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಉತ್ತರ ಮತ್ತು ಪೂರ್ವದಲ್ಲಿ ಮಳೆ. ಅಕ್ಟೋಬರ್, ನವೆಂಬರ್‌ನಲ್ಲಿ ಎಲ್ಲಿ ಬೇಕಾದರೂ ಸುರಿಯಬಹುದು. ಹಾಗಾಗಿ ದಸರಾ ರಜೆ ಬೇಡ ಅಂದೆ, ಫೆಬ್ರವರಿ ಕೊನೆಗೆ ಹೊರಟೆವು.

ತಿಂಗಳು ಗೊತ್ತಾದ ಮೇಲೆ ದಾರಿ ಸುಲಭ. ಕಿತುಲ್‌ಗಲದಲ್ಲಿ ಕೆಳನಿ ನದಿಯ ರಾಫ್ಟಿಂಗ್, 2,243 ಮೀಟರ್ ಎತ್ತರದ ಶ್ರೀಪಾದ, ಹಾರ್ಟನ್ ಪ್ಲೇನ್ಸ್ ಅನ್ನೋ ಎತ್ತರದ ಹುಲ್ಲುಗಾವಲು, ಉಡವಲವೆಯ ಆನೆಗಳು, ಸಿಂಹರಾಜ ಕಾಡು, ಕೊನೆಗೆ ಮಿರಿಸ್ಸಾದಲ್ಲಿ ತಿಮಿಂಗಿಲ. ಎಲ್ಲಾ ನಡುಬೆಟ್ಟ ಮತ್ತು ದಕ್ಷಿಣದಲ್ಲೇ. ಶ್ರೀಪಾದದ ಯಾತ್ರೆ ಡಿಸೆಂಬರ್‌ನಿಂದ ಮೇವರೆಗೆ. ಆಗ ರಾತ್ರಿಯೆಲ್ಲಾ ಮೆಟ್ಟಿಲುಗಳಿಗೆ ದೀಪ ಇರುತ್ತೆ, ದಾರಿಯಲ್ಲಿ ಚಹಾ ಸಿಗುತ್ತೆ. ಬೆಟ್ಟದ ರಸ್ತೆಯಲ್ಲಿ ನೂರು ಕಿಲೋಮೀಟರ್‌ಗೆ ಮೂರು, ನಾಲ್ಕು ಗಂಟೆ ಬೇಕು. ಅದಕ್ಕೇ ದಿನಕ್ಕೆ ಒಂದೇ ಕೆಲಸ ಇಟ್ಟುಕೊಂಡೆ.

ಹಾರ್ಟನ್ ಪ್ಲೇನ್ಸ್‌ನಲ್ಲಿ ವರ್ಲ್ಡ್ಸ್ ಎಂಡ್ ಅನ್ನೋ ಪ್ರಪಾತ ಇದೆ, ಆಳ 800 ಮೀಟರ್‌ಗೂ ಜಾಸ್ತಿ. ಬೆಳಗ್ಗೆ ಹತ್ತರ ಹೊತ್ತಿಗೆ ಸಾಮಾನ್ಯವಾಗಿ ಮೋಡ ಮುಚ್ಚಿಬಿಡುತ್ತೆ. ಕತ್ತಲಲ್ಲೇ ಹೊರಟು ಗೇಟ್ ತೆಗೆಯುವಾಗ ಅಲ್ಲಿರಬೇಕು. ಚಳಿ ಜೋರು, ಸ್ವೆಟರ್ ಬೇಕೇ ಬೇಕು. ಬಾಗಿಲಲ್ಲಿ ಚೀಲ ಬಿಚ್ಚಿ ಪ್ಲಾಸ್ಟಿಕ್ ತೆಗೆಸುತ್ತಾರೆ. ನಾನು ಹಿಂದಿನ ರಾತ್ರಿಯೇ ಬಿಸ್ಕತ್ತನ್ನು ಸ್ಟೀಲ್ ಡಬ್ಬಿಗೆ ಹಾಕಿಟ್ಟಿದ್ದೆ. ಒಳ್ಳೆಯ ನಿಯಮ, ನಮ್ಮ ಚಾರಣದ ಬೆಟ್ಟಗಳಲ್ಲೆಲ್ಲಾ ಬರಬೇಕು.

ನನಗೆ ತುಂಬಾ ಹಿಡಿಸಿದ್ದು ಸಿಂಹರಾಜ. 1988ರಿಂದ ವಿಶ್ವ ಪರಂಪರೆಯ ತಾಣ. ಒಳಗೆ ಜೀಪ್ ಸಫಾರಿ ಇಲ್ಲ, ಗೈಡ್ ಜೊತೆ ನಡೆಯಬೇಕು. ಒಣ ತಿಂಗಳಲ್ಲೂ ನೆಲ ಒದ್ದೆ, ಉಂಬಳ ಧಾರಾಳ. ಮಲೆನಾಡಿನವರಿಗೆ ಹೇಳೋದೇ ಬೇಡ, ಅಲ್ವಾ? ಮೊಣಕಾಲಿನವರೆಗೆ ಬರುವ ಬಟ್ಟೆಯ ಉಂಬಳ ಸಾಕ್ಸ್ ಹಾಕಿ, ಪ್ಯಾಂಟನ್ನು ಅದರೊಳಗೆ ತೂರಿಸಿದೆ. ಅಲ್ಲಿ ಹಕ್ಕಿಗಳು ಬೇರೆ ಬೇರೆ ಜಾತಿ ಸೇರಿ ಗುಂಪಾಗಿ ಹೊರಡುತ್ತವೆ. ಅರ್ಧ ಗಂಟೆ ಎಲೆ ಕೂಡ ಅಲ್ಲಾಡಲಿಲ್ಲ. ಆಮೇಲೆ ಕಿತ್ತಳೆ ಕೊಕ್ಕಿನ ಹರಟೆಮಲ್ಲಗಳ ಗಲಾಟೆ, ಹಿಂದೆಯೇ ಕಾಜಾಣ. ಅವುಗಳ ನಡುವೆ ಒಂದು ಬ್ಲೂ ಮ್ಯಾಗ್‌ಪೈ ಕೊಂಬೆಯಿಂದ ಕೊಂಬೆಗೆ ಹಾರಿತು. ಮೈಯೆಲ್ಲಾ ನೀಲಿ, ತಲೆ ಕೆಂಗಂದು, ಕೊಕ್ಕು ಕೆಂಪು. ಆ ಹಕ್ಕಿ ಶ್ರೀಲಂಕಾ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಅಲ್ಲಿ ಒಂದು ಬೆಳಗು ಸಾಲದು. ಕಾಡಿನ ಪಕ್ಕದಲ್ಲೇ ಉಳಿಯಿರಿ.

ಮಿರಿಸ್ಸಾದಲ್ಲಿ ದೋಣಿ ಬುಕ್ ಮಾಡುವಾಗ ನಾನು ಒಂದೇ ಪ್ರಶ್ನೆ ಕೇಳಿದೆ: ತಿಮಿಂಗಿಲದಿಂದ ಎಷ್ಟು ದೂರ ನಿಲ್ಲಿಸುತ್ತೀರಿ? ನೂರು ಮೀಟರ್ ಅಂದವರ ಜೊತೆ ಹೋದೆವು. ‘ಹತ್ತಿರಕ್ಕೇ ಒಯ್ಯುತ್ತೇವೆ’ ಅನ್ನುವವರನ್ನು ಬಿಟ್ಟುಬಿಡಿ.

ಆಗಸ್ಟ್‌ನಲ್ಲೇ ರಜೆ ಸಿಗುವವರು ಈ ದಾರಿ ಹಿಡಿಯಬೇಡಿ, ಮಿನ್ನೇರಿಯಾ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ. ಆಗ ಅಲ್ಲಿ ಕೆರೆಯ ನೀರು ಇಳಿದು ಅಂಗಳದಲ್ಲಿ ಹುಲ್ಲು ಚಿಗುರುತ್ತೆ, ಮೇಯಲು ನೂರಾರು ಆನೆಗಳು ಸೇರುತ್ತವೆ. ತಿಮಿಂಗಿಲ ನೋಡಲು ಆಗ ಪೂರ್ವ ಕರಾವಳಿಯ ತ್ರಿಂಕೋಮಲಿ ಸರಿ.