ಗಲಭೆಯ ನಂತರ ಊರನ್ನು ಒಂದಾಗಿಸುವ ಮುಂದಾಳುಗಳನ್ನು ತಯಾರು ಮಾಡುವುದು

ಹೆಚ್ಚಿನ ತರಬೇತಿಗಳು ಆಯ್ಕೆಯಲ್ಲೇ ಎಡವುತ್ತವೆ. ಚೆನ್ನಾಗಿ ಮಾತಾಡುವವರನ್ನು ಆರಿಸಿಬಿಡುತ್ತಾರೆ. ಬೇಕಾದವರೇ ಬೇರೆ: ತನ್ನ ಗುಂಪಿನೆದುರು ನಿಂತು "ನಮ್ಮಿಂದಲೂ ತಪ್ಪಾಗಿದೆ" ಎಂದರೂ ಕೇಳಿಸಿಕೊಳ್ಳುವಷ್ಟು ನಂಬಿಕೆ ಉಳಿಸಿಕೊಂಡವರು.

ಇದಕ್ಕೆ ಅರ್ಜಿ ಕರೆಯಬೇಡಿ. ಎರಡೂ ಕಡೆ 20–30 ಮನೆಗಳಿಗೆ ಹೋಗಿ, "ಹೊಡೆದಾಟದ ದಿನಗಳಲ್ಲಿ ಆಚೆಯವರನ್ನು ಕಾಪಾಡಿದವರು ಯಾರು?" ಎಂದು ಒಬ್ಬೊಬ್ಬರನ್ನೇ ಕೇಳಿ. ಗುಂಪಿನಲ್ಲಿ ಕೇಳಿದರೆ ಹೆಸರು ಬಂದವರ ಜೀವಕ್ಕೇ ಕುತ್ತು. ಪದೇ ಪದೇ ಬಂದ ಹೆಸರುಗಳನ್ನು ಇಟ್ಟುಕೊಂಡು, ಅವರ ಹಿಂದಿನ ನಡೆಯನ್ನು ಎದುರು ಕಡೆಯವರಿಂದಲೂ ವಿಚಾರಿಸಿ. ರುವಾಂಡಾದಲ್ಲಿ 1994ರ ನರಮೇಧದ ಪ್ರಕರಣಗಳನ್ನು ಊರಲ್ಲೇ ವಿಚಾರಿಸಿದ ಗಚಾಚಾ ನ್ಯಾಯಾಲಯಗಳಿಗೆ ಊರವರೇ ನ್ಯಾಯಾಧೀಶರನ್ನು ಆರಿಸಿದ್ದರು. ಆದರೂ ಅವರಲ್ಲಿ ಹಲವರ ಮೇಲೇ ನರಮೇಧದ ಆರೋಪ ಬಂದು ಅವರನ್ನು ತೆಗೆಯಬೇಕಾಯಿತು.

ಒಂದು ತಂಡಕ್ಕೆ 12ರಿಂದ 16 ಜನ ಸಾಕು, ಎರಡೂ ಕಡೆ ಸಮಸಮ. ಮೊದಲ ಎರಡು ಮೂರು ಸಭೆಗಳನ್ನು ಬೇರೆ ಬೇರೆಯಾಗಿಯೇ ನಡೆಸಿ. ಆತುರಪಟ್ಟು ಒಟ್ಟಿಗೆ ಕೂರಿಸಿದರೆ ಯಾರ ಕಡೆ ಎಷ್ಟು ಹೆಣ ಬಿತ್ತು ಎಂಬ ಲೆಕ್ಕಾಚಾರವೇ ಶುರುವಾಗುತ್ತದೆ. ಒಟ್ಟಿಗೆ ಕೂತ ಮೇಲೆ ನಿಯಮ ಒಂದೇ: ಎದುರಿನವರು ಹೇಳಿದ್ದನ್ನು ಅವರು "ಹೌದು, ಇದನ್ನೇ ಹೇಳಿದೆ" ಎನ್ನುವವರೆಗೂ ತಿರುಗಿ ಹೇಳಬೇಕು, ಆಮೇಲಷ್ಟೇ ಉತ್ತರ. ಬೇಸರ ಹಿಡಿಸುವ ಅಭ್ಯಾಸ, ನಿಜ. ಆದರೂ ಬಿಡಬೇಡಿ.

ಗಾಳಿಸುದ್ದಿಗೆ ಜೋಡಿಗಳನ್ನು ಕಟ್ಟಿ, ಆ ಕಡೆಯ ಒಬ್ಬರು, ಈ ಕಡೆಯ ಒಬ್ಬರು. ಸುದ್ದಿ ಬಂದೊಡನೆ ಪರಸ್ಪರ ಫೋನ್ ಮಾಡಿ, ಕಣ್ಣಾರೆ ಕಂಡವರು ಯಾರು, ಎಲ್ಲಿ, ಯಾವಾಗ ಎಂದು ಖಚಿತ ಮಾಡಿಕೊಂಡು, ತಂತಮ್ಮವರಿಗೆ ತಾವೇ ತಿಳಿಸಬೇಕು.

ಜೊತೆಗೆ ಕೈಗೆ ಒಂದು ಕೆಲಸ ಕೊಡಿ. ಕುಲಗಳ ನಡುವೆ ಕಾದಾಟ ನಡೆದಿದ್ದ ಕೀನ್ಯಾದ ವಜೀರ್‌ನಲ್ಲಿ 1990ರ ದಶಕದ ಆರಂಭದಲ್ಲಿ ದೆಖಾ ಇಬ್ರಾಹಿಂ ಅಬ್ದಿ ಮತ್ತು ಜೊತೆಗಾರ್ತಿಯರು ಶುರು ಮಾಡಿದ್ದು ಸಂತೆಯಿಂದ: ಯಾವ ಕುಲದ ಹೆಂಗಸಾದರೂ ಬಂದು ಮಾರಬಹುದು, ಕೊಳ್ಳಬಹುದು ಎಂಬುದನ್ನು ಖಾತ್ರಿ ಮಾಡಲು ನಿಗಾ ಇಟ್ಟರು. ಹಿರಿಯರು, ಯುವಕರು ಕೈಜೋಡಿಸಿದ್ದು ಆಮೇಲೆ.

ನೊಂದವರನ್ನು "ಕ್ಷಮಿಸಿಬಿಡಿ" ಎಂದು ಒತ್ತಾಯಿಸಬಾರದು; ಕೊಡಲಾಗದ್ದನ್ನು ಕೊಡಿಸುತ್ತೇವೆ ಎನ್ನಲೂಬಾರದು. ವರ್ಣಭೇದ ಆಡಳಿತದ ಕಾಲದ ದೌರ್ಜನ್ಯಗಳನ್ನು ಕೇಳಲು ರಚಿಸಿದ್ದ ದಕ್ಷಿಣ ಆಫ್ರಿಕಾದ ಸತ್ಯ ಮತ್ತು ಸಾಮರಸ್ಯ ಆಯೋಗ 1996ರಲ್ಲಿ ವಿಚಾರಣೆ ಆರಂಭಿಸಿತು. ಸಂತ್ರಸ್ತರಿಗೆ ತಲಾ 30,000 ರ‍್ಯಾಂಡ್ ಪರಿಹಾರವನ್ನು ಸರ್ಕಾರ ಘೋಷಿಸುವಾಗ 2003 ಆಗಿತ್ತು. ನೋವು ತೋಡಿಕೊಂಡಿದ್ದ ಅನೇಕರಿಗೆ ಆ ಕಾಯುವಿಕೆಯೇ ಇನ್ನೊಂದು ಪೆಟ್ಟಾಯಿತು.

ತರಬೇತಿ ಮುಗಿದ ಮೇಲೂ ಕನಿಷ್ಠ ಒಂದು ವರ್ಷ ತಿಂಗಳಿಗೊಮ್ಮೆ ಸೇರಿಸಿ. ಬಸ್ ಖರ್ಚು ಕೊಡಿ, ಸಂಬಳ ಬೇಡ. ಸಂಬಳ ಕೊಟ್ಟರೆ ಊರವರು ಅವರನ್ನು ಹೊರಗಿನ ಸಂಸ್ಥೆಯ ಆಳು ಎಂದೇ ನೋಡುತ್ತಾರೆ.